ಕಾರಿಡಾರಿನ ದೀಪ ಆರಿದರೆ ಮಾತೂ ನಿಲ್ಲುತ್ತದೆ: ಮನೆಯ ಪ್ಲಾನ್ ನಮ್ಮ ಬದುಕನ್ನು ಎಷ್ಟು ಬದಲಿಸುತ್ತದೆ?

ಒಂಬತ್ತನೇ ಮಹಡಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಓದಿ ಹೇಳಿ.

ನಾವು ಮೊದಲು ಇದ್ದದ್ದು ಮೂರು ಮಹಡಿಯ ಹಳೇ ಕಟ್ಟಡದಲ್ಲಿ. ಮಹಡಿಗೆ ನಾಲ್ಕೇ ಮನೆ. ನಾಲ್ಕು ಬಾಗಿಲೂ ಮೆಟ್ಟಿಲ ಪಕ್ಕದ ಒಂದೇ ಲ್ಯಾಂಡಿಂಗಿಗೆ ತೆರೆಯುತ್ತಿದ್ದವು. ಅಲ್ಲೊಂದು ದೊಡ್ಡ ಕಿಟಕಿ. ಅದರ ಕೆಳಗೆ ಒಂದೂವರೆ ಅಡಿ ಅಗಲದ ಕಟ್ಟೆ. ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳು, ಮೆಟ್ಟಿಲು ಹತ್ತಿ ಸುಸ್ತಾದವರು, ಬೀಗದ ಕೈ ಮರೆತವರು ಎಲ್ಲರೂ ಅಲ್ಲೇ ಕೂರುತ್ತಿದ್ದರು. ಕೂತು ಕೂತು ಆ ಕಲ್ಲಿನ ಅಂಚು ನುಣುಪಾಗಿತ್ತು. ಹನ್ನೆರಡು ಮನೆಯವರ ಹೆಸರೂ ನನಗೆ ಗೊತ್ತಿತ್ತು.

ಈಗ ಒಂಬತ್ತನೇ ಮಹಡಿ. ಮನೆ ಒಳಗೆ ಚೆನ್ನಾಗಿದೆ, ದೂರುವಂಥದ್ದು ಏನೂ ಇಲ್ಲ. ಹೊರಗೆ ಮಾತ್ರ ಉದ್ದನೆ ಕಾರಿಡಾರ್, ಎರಡೂ ಕಡೆ ಸೇರಿ ಹದಿನೆಂಟು ಬಾಗಿಲು. ಒಂದು ಕಿಟಕಿಯೂ ಇಲ್ಲ. ಸೆನ್ಸರ್ ದೀಪಗಳಿವೆ. ಅಲುಗಾಡದಿದ್ದರೆ ಅರ್ಧ ನಿಮಿಷಕ್ಕೆ ಆರುತ್ತವೆ.

ಮೊನ್ನೆ ಪಕ್ಕದ ಮನೆಯವರು ಬೀಗ ತೆಗೆಯುವಾಗ ಎದುರಾದರು. ಅವರ ತಾಯಿ ಆಸ್ಪತ್ರೆಯಲ್ಲಿ ಇದ್ದಾರಂತೆ. ಅದನ್ನು ಹೇಳುತ್ತಿರುವಾಗಲೇ ದೀಪ ಆರಿತು. ಇಬ್ಬರೂ ಕೈ ಆಡಿಸಿದೆವು, ಹತ್ತಿತು. ಇನ್ನೆರಡು ಮಾತು ಆಡುವಷ್ಟರಲ್ಲಿ ಮತ್ತೆ ಕತ್ತಲೆ. ‘ಸರಿ, ಬರ್ತೀನಿ’ ಅಂತ ಒಳಗೆ ಹೋಗಿಬಿಟ್ಟರು. ತಾಯಿಗೆ ಏನಾಗಿದೆ ಅಂತ ಕೇಳುವುದಕ್ಕೂ ಆಗಲಿಲ್ಲ.

ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಇಡೀ ಮಹಡಿಯಲ್ಲಿ ಇಬ್ಬರ ಹೆಸರು ಗೊತ್ತು. ಇದು ನಮ್ಮ ಸ್ವಭಾವದ ತಪ್ಪಾ, ಕಟ್ಟಡದ ತಪ್ಪಾ?

ನಕ್ಷೆ ಬರೆಯುವವ

ಮೇಡಂ, ನಿಮ್ಮ ಸ್ವಭಾವ ಬದಲಾಗಿಲ್ಲ. ನಿಮ್ಮ ಬಾಗಿಲಿನ ಹೊರಗಿನ ಜಾಗ ಬದಲಾಗಿದೆ. ಇಪ್ಪತ್ತು ವರ್ಷದಿಂದ ಮನೆಗಳ ಪ್ಲಾನ್ ಮಾಡುತ್ತಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಇದನ್ನು ಬಹಳ ಹಿಂದೆಯೇ ಲೆಕ್ಕ ಹಾಕಿ ನೋಡಿದ್ದಾರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗಾಗಿ ಎರಡು ಮಹಡಿಯ ವಸತಿ ಕಟ್ಟಡಗಳಿದ್ದವು. ಮಹಡಿಗೆ ಐದು ಮನೆ. ಯಾರೂ ಇಂಥದ್ದೇ ಮನೆ ಬೇಕು ಅಂತ ಆರಿಸಿಕೊಂಡಿರಲಿಲ್ಲ, ಖಾಲಿ ಆದದ್ದು ಸಿಗುತ್ತಿತ್ತು. ಲಿಯಾನ್ ಫೆಸ್ಟಿಂಜರ್ ಮತ್ತು ಇನ್ನಿಬ್ಬರು ಸಂಶೋಧಕರು ಅಲ್ಲಿನವರನ್ನು ‘ನಿಮ್ಮ ಒಡನಾಟ ಯಾರ ಜೊತೆ ಜಾಸ್ತಿ’ ಅಂತ ಕೇಳಿದರು. 1950ರಲ್ಲಿ ಅದು ಪ್ರಕಟವಾಯಿತು. ಪಕ್ಕದ ಬಾಗಿಲಿನವರನ್ನು ಹೆಸರಿಸಿದ್ದು ಶೇ 41. ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹೆಸರಿಸಿದ್ದು ಶೇ 10. ಆ ತುದಿಗೂ ಈ ತುದಿಗೂ ಇದ್ದ ದೂರ ಬರೀ 88 ಅಡಿ!

ಇನ್ನೊಂದು ವಿಷಯ ನನಗೆ ಅದಕ್ಕಿಂತ ಮುಖ್ಯ ಅನಿಸುತ್ತದೆ. ಮೆಟ್ಟಿಲಿನ ಬುಡದಲ್ಲಿದ್ದ ಕೆಳಗಿನ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಜಾಸ್ತಿ ಗೆಳೆಯರಿದ್ದರು. ಅವರೇನು ವಿಶೇಷ ಮಾತುಗಾರರಲ್ಲ. ಹತ್ತಿ ಇಳಿಯುವವರೆಲ್ಲ ಅವರ ಬಾಗಿಲ ಮುಂದೆಯೇ ಹೋಗಬೇಕಿತ್ತು, ಅಷ್ಟೇ. ಆ ಮೆಟ್ಟಿಲನ್ನು ಅಲ್ಲಿ ಇಡಬೇಕು ಅಂತ ಗೆರೆ ಎಳೆದವರಿಗೆ, ತಾವು ಯಾರದೋ ಗೆಳೆತನವನ್ನೂ ತೀರ್ಮಾನ ಮಾಡುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. ನಾನೂ ಮೊದಲ ಹತ್ತು ವರ್ಷ ಹಾಗೆಯೇ ಗೆರೆ ಎಳೆದವನು. ಅದರ ಬಗ್ಗೆ ಇವತ್ತಿಗೂ ಬೇಸರ ಇದೆ.

ಲೆಕ್ಕ ನೋಡಿಕೊಳ್ಳುವವ

ಕ್ಷಮಿಸಿ ಸರ್, ನಾನು ಒಪ್ಪುವುದಿಲ್ಲ. ನಮ್ಮ ಕಟ್ಟಡದ ಸಂಘದಲ್ಲಿ ಆರು ವರ್ಷದಿಂದ ಖಜಾಂಚಿ. ಕಟ್ಟಡ ಹಾಳಾಗುವುದು ಡಿಸೈನಿನಿಂದ ಅಲ್ಲ, ಮೆಂಟೆನೆನ್ಸ್ ದುಡ್ಡು ಇಲ್ಲದೆ.

ನೀವು ಆರ್ಕಿಟೆಕ್ಟುಗಳು ಯಾವಾಗಲೂ ಪ್ರೂಯಿಟ್-ಐಗೊ ಹೆಸರು ಹೇಳುತ್ತೀರಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದ ಮಧ್ಯದಲ್ಲಿ ಎದ್ದ 33 ಸರ್ಕಾರಿ ವಸತಿ ಕಟ್ಟಡ. ಒಂದೊಂದೂ 11 ಮಹಡಿ, ಒಟ್ಟು 2,870 ಮನೆ. 1972ರಲ್ಲಿ ಸಿಡಿಮದ್ದು ಇಟ್ಟು ಕೆಡವಲು ಶುರು ಮಾಡಿದರು. ಅದನ್ನು ತೋರಿಸಿ ‘ನೋಡಿ, ಎತ್ತರದ ಕಟ್ಟಡ ಕೆಟ್ಟದ್ದು’ ಅನ್ನುತ್ತಾರೆ. ಆ ಊರಿನ ಜನಸಂಖ್ಯೆ ನೋಡಿದ್ದೀರಾ? 1950ರಲ್ಲಿ ಎಂಟೂವರೆ ಲಕ್ಷ ದಾಟಿತ್ತು. 1970ಕ್ಕೆ ಸುಮಾರು 6.2 ಲಕ್ಷ. ಅಲ್ಲಿನ ರಿಪೇರಿ ಖರ್ಚೆಲ್ಲ ಬಾಡಿಗೆಯಿಂದಲೇ ಹುಟ್ಟಬೇಕಿತ್ತು. ಜನ ಖಾಲಿ ಮಾಡಿದರು, ಬಾಡಿಗೆ ಕಡಿಮೆ ಆಯಿತು. ರಿಪೇರಿ ನಿಂತಿತು, ಇನ್ನಷ್ಟು ಜನ ಹೋದರು. ಗೋಡೆಯ ಮೇಲೆ ತಪ್ಪು ಹೊರಿಸಿದರೆ ಹೇಗೆ?

ಸಿಂಗಪುರದಲ್ಲಿ ಹತ್ತಿರ ಹತ್ತಿರ ಶೇ 80 ಜನ ಸರ್ಕಾರ ಕಟ್ಟಿದ ಎತ್ತರದ ಕಟ್ಟಡಗಳಲ್ಲೇ ಇದ್ದಾರೆ. ಅಲ್ಲಿ ಯಾಕೆ ಹಾಗೆ ಆಗಲಿಲ್ಲ?

ಗಾಲಿಕುರ್ಚಿ

ಪ್ರೂಯಿಟ್-ಐಗೊದಲ್ಲಿ ಲಿಫ್ಟ್ ಎಲ್ಲ ಮಹಡಿಯಲ್ಲೂ ನಿಲ್ಲುತ್ತಿರಲಿಲ್ಲ. 1, 4, 7, 10ರಲ್ಲಿ ಮಾತ್ರ. ಮಿಕ್ಕವರು ಅಲ್ಲಿ ಇಳಿದು ಮೆಟ್ಟಿಲು ಹತ್ತಬೇಕು, ಇಲ್ಲ ಇಳಿಯಬೇಕು. ಅದು ದುಡ್ಡು ಉಳಿಸಲು ಮಾಡಿದ ಡಿಸೈನ್. ಗಾಲಿಕುರ್ಚಿಯಲ್ಲಿ ಓಡಾಡುವ ನನ್ನಂಥವರಿಗೆ ಅದರ ಅರ್ಥ ಒಂದೇ: ಆ ಮಹಡಿಗಳಲ್ಲಿ ನಿನಗೆ ಮನೆ ಇಲ್ಲ.

ಸಿಂಗಪುರದ ಹಳೇ ಕಟ್ಟಡಗಳಲ್ಲೂ ಹೀಗೇ ಕೆಲವು ಮಹಡಿಗಳಲ್ಲಿ ಮಾತ್ರ ಲಿಫ್ಟ್ ನಿಲ್ಲುತ್ತಿತ್ತು. ವಯಸ್ಸಾದವರಿಗೆ ಕಷ್ಟ ಅಂತ 2001ರಿಂದ ಒಂದೊಂದೇ ಕಟ್ಟಡಕ್ಕೆ ಹೊಸ ಲಿಫ್ಟ್ ಸೇರಿಸುತ್ತಾ ಬಂದರು. ಅಂದರೆ ದುಡ್ಡೂ ಇತ್ತು, ಆ ದುಡ್ಡನ್ನು ಪ್ಲಾನಿನ ತಪ್ಪು ತಿದ್ದುವುದಕ್ಕೆ ಹಾಕಿದರು. ಖಜಾಂಚಿಯವರೇ, ಎರಡೂ ಬೇಕು ಅಲ್ವಾ?

ನನ್ನ ಮನೆಯ ಬಾಲ್ಕನಿ ಬಾಗಿಲಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಎತ್ತರದ ಹೊಸ್ತಿಲು ಇದೆ. ಮಳೆ ನೀರು ಒಳಗೆ ಬರಬಾರದು ಅಂತ. ನಡೆಯುವವರಿಗೆ ಅದು ಇದೆ ಅಂತಲೂ ಗೊತ್ತಾಗುವುದಿಲ್ಲ. ನಾನು ಮುಂದಿನ ಚಕ್ರ ಎತ್ತಿ ದಾಟಬೇಕು. ಅಲ್ಲಿ ಬೆನ್ನ ಹಿಂದೆ ಯಾರಾದರೂ ನಿಂತಿರಬೇಕು. ಹಾಗಾಗಿ ನಾನು ಒಬ್ಬನೇ ಇದ್ದಾಗ ಬಾಲ್ಕನಿಗೆ ಹೋಗುವುದಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನನಗೆ ಬಾಲ್ಕನಿ ಇಲ್ಲ.

ಒಂಬತ್ತನೇ ಮಹಡಿ

ಇದನ್ನು ಓದಿ ಎದ್ದು ಹೋಗಿ ನಮ್ಮ ಬಾಲ್ಕನಿಯ ಹೊಸ್ತಿಲು ನೋಡಿದೆ. ಎರಡು ವರ್ಷದಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ.

ನಕ್ಷೆ ಬರೆಯುವವ

ಖಜಾಂಚಿಯವರು ಹೇಳಿದ ಬಾಡಿಗೆ, ರಿಪೇರಿ ಮಾತು ಪೂರ್ತಿ ನಿಜ. ಅದನ್ನು ಬಿಟ್ಟು ಪ್ರೂಯಿಟ್-ಐಗೊ ಕಥೆ ಹೇಳುವುದು ಮೋಸ. ಆದರೆ ಆಸ್ಕರ್ ನ್ಯೂಮನ್ ಅಂತ ಒಬ್ಬ ಆರ್ಕಿಟೆಕ್ಟ್ ಅದೇ ಕಟ್ಟಡಗಳ ಒಳಗೆ ನೋಡಿದ್ದನ್ನೂ ಕೇಳಿ. ಎರಡೇ ಮನೆ ಹಂಚಿಕೊಂಡ ಲ್ಯಾಂಡಿಂಗುಗಳು ಚೊಕ್ಕವಾಗಿದ್ದವು. 20 ಮನೆಯ ಕಾರಿಡಾರುಗಳು ಹಾಳಾಗಿದ್ದವು. 150 ಮನೆಯವರು ಬಳಸುವ ಲಾಬಿ, ಲಿಫ್ಟ್, ಮೆಟ್ಟಿಲುಗಳ ಗತಿ ಹೇಳುವ ಹಾಗೇ ಇರಲಿಲ್ಲ. ಅದೇ ಜನ, ಅದೇ ಬಾಡಿಗೆ, ಅದೇ ಮಾಲೀಕರು. ಜಾಗ ಎಷ್ಟು ಮನೆಗೆ ಸೇರಿದ್ದು ಅನ್ನುವುದು ಮಾತ್ರ ಬೇರೆ.

ರಸ್ತೆಯಾಚೆ ಕಾರ್ ಸ್ಕ್ವೇರ್ ವಿಲೇಜ್ ಅಂತ ಇನ್ನೊಂದು ಸರ್ಕಾರಿ ವಸತಿ ಇತ್ತು. ಇನ್ನೂ ಹಳೆಯದು, ಕಡಿಮೆ ಎತ್ತರದ ಮನೆಗಳು, ಜನವೂ ಅಂಥವರೇ. ಇಲ್ಲಿ ಕಟ್ಟಡಗಳು ಬೀಳುವಾಗ ಅಲ್ಲಿ ಮನೆಗಳು ತುಂಬಿದ್ದವು.

ಮೇಡಂ, ಎತ್ತರ ನನಗೆ ದೊಡ್ಡ ವಿಷಯವೇ ಅಲ್ಲ. ನಿಮ್ಮ ಬಾಗಿಲ ಮುಂದಿನ ಜಾಗ ನಾಲ್ಕು ಮನೆಯದ್ದೋ ಹದಿನೆಂಟು ಮನೆಯದ್ದೋ, ಅದೇ ವಿಷಯ. ನಾಲ್ಕು ಮನೆಯ ಜಾಗದಲ್ಲಿ ಕಸ ಬಿದ್ದರೆ ಯಾರದ್ದು ಅಂತ ಗೊತ್ತು, ಅಪರಿಚಿತರು ಬಂದರೆ ಗೊತ್ತು, ಮೂರು ದಿನ ಒಬ್ಬರ ಬಾಗಿಲು ತೆರೆಯದಿದ್ದರೆ ಅದೂ ಗೊತ್ತು.

ಲೆಕ್ಕ ನೋಡಿಕೊಳ್ಳುವವ

ಹ್ಞೂಂ. ಇದು ನಾನು ಕಣ್ಣಾರೆ ನೋಡಿದ್ದೇನೆ, ಸುಮ್ನೆ ವಾದಕ್ಕೆ ಹೇಳುತ್ತಿಲ್ಲ. ನಮ್ಮಲ್ಲಿ ಎ ಬ್ಲಾಕಿನಲ್ಲಿ ಉದ್ದ ಕಾರಿಡಾರ್, ಬಿ ಬ್ಲಾಕಿನಲ್ಲಿ ಮಹಡಿಗೆ ಮೂರೇ ಮನೆ. ಬಲ್ಬ್ ಹೋಗಿದೆ, ಪೈಪ್ ಸೋರುತ್ತಿದೆ, ಬಾಗಿಲಿನ ಕ್ಲೋಸರ್ ಮುರಿದಿದೆ ಅನ್ನುವ ದೂರೆಲ್ಲ ಎ ಬ್ಲಾಕಿನಿಂದಲೇ. ಬಿ ಬ್ಲಾಕಿನವರು ಬಲ್ಬ್ ಹೋದರೆ ತಾವೇ ಹಾಕಿಕೊಂಡಿರುತ್ತಾರೆ, ನನಗೆ ತಿಳಿಯುವುದೇ ಇಲ್ಲ. ಇಬ್ಬರಿಂದಲೂ ಒಂದೇ ದರದಲ್ಲಿ ಹಣ ತೆಗೆದುಕೊಳ್ಳುತ್ತೇವೆ. ಎ ಬ್ಲಾಕಿನವರು ಬೇಜವಾಬ್ದಾರಿ ಜನ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅದು ತಪ್ಪು ಅಂತ ಈಗ ಅನಿಸುತ್ತಿದೆ.

ಹಾಗಾದರೆ ಇಂಥ ಉದ್ದ ಕಾರಿಡಾರುಗಳನ್ನು ಕಟ್ಟುವುದಾದರೂ ಯಾಕೆ?

ನಕ್ಷೆ ಬರೆಯುವವ

ಲಿಫ್ಟ್ ಮತ್ತು ಮೆಟ್ಟಿಲಿಗೆ ಆಗುವ ಖರ್ಚು ಜಾಸ್ತಿ. ಒಂದು ಲಿಫ್ಟಿಗೆ ಎಷ್ಟು ಮನೆ ಪೋಣಿಸಿದರೆ ಅಷ್ಟು ಉಳಿತಾಯ. ಎರಡನೇ ಕಾರಣ ನಿಯಮ. ಅಮೆರಿಕದ ಹೆಚ್ಚಿನ ಕಡೆ ಮೂರು ಮಹಡಿಗಿಂತ ಎತ್ತರದ ವಸತಿ ಕಟ್ಟಡಕ್ಕೆ, ಬೆಂಕಿ ಬಿದ್ದಾಗ ಇಳಿದು ಬರಲು, ಎರಡು ಮೆಟ್ಟಿಲಸಾಲು ಬೇಕೇ ಬೇಕು. ಎರಡು ಮೆಟ್ಟಿಲು ಇಟ್ಟ ಮೇಲೆ ಅವುಗಳ ನಡುವೆ ಕಾರಿಡಾರ್ ತಾನಾಗಿ ಬರುತ್ತದೆ. ಕಾರಿಡಾರಿನ ಎರಡೂ ಕಡೆ ಮನೆ ಇಟ್ಟರೆ ಪ್ರತಿ ಮನೆಗೆ ಒಂದೇ ಕಡೆ ಕಿಟಕಿ. ಒಂದೇ ಕಡೆ ಕಿಟಕಿ ಇದ್ದರೆ ಗಾಳಿ ಆ ಕಡೆಯಿಂದ ಈ ಕಡೆಗೆ ಹಾಯುವುದಿಲ್ಲ, ಮಧ್ಯದ ಕೋಣೆಗೆ ಬೆಳಕೂ ಇಲ್ಲ. ನೋಡಿ, ಎಲ್ಲೋ ಬರೆದ ಒಂದು ನಿಯಮ ನಿಮ್ಮ ಮಲಗುವ ಕೋಣೆಯ ಸೆಕೆಯವರೆಗೂ ಬರುತ್ತದೆ.

ಯುರೋಪಿನ ಹಲವು ದೇಶಗಳಲ್ಲಿ ಒಂದೇ ಮೆಟ್ಟಿಲಿನ ಸುತ್ತ ಎರಡು, ಮೂರು, ನಾಲ್ಕು ಮನೆ ಇಡುತ್ತಾರೆ. ಅಮೆರಿಕದಲ್ಲೇ ಸಿಯಾಟಲ್ ನಗರ ಮಹಡಿಗೆ ನಾಲ್ಕು ಮನೆ ಮೀರದಿದ್ದರೆ ಆರು ಮಹಡಿವರೆಗೂ ಇದಕ್ಕೆ ಒಪ್ಪಿಗೆ ಕೊಡುತ್ತದೆ. ಅಂಥ ಮನೆಗೆ ಎರಡು ಕಡೆ ಕಿಟಕಿ ಸಿಗುತ್ತದೆ. ಹೊರಗಿನ ಲ್ಯಾಂಡಿಂಗ್ ನಿಮ್ಮ ಹಳೇ ಕಟ್ಟಡದ್ದರ ಹಾಗೇ ಇರುತ್ತದೆ.

ಬೆಂಕಿ ಕೆಲಸದವ

ಇಲ್ಲಿ ಸ್ವಲ್ಪ ನಿಲ್ಲಿಸಿ ಸರ್. ಅಗ್ನಿಸುರಕ್ಷತೆಯಲ್ಲಿ ಕೆಲಸ ಮಾಡುತ್ತೇನೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ 24 ಮಹಡಿ, ಒಂದೇ ಮೆಟ್ಟಿಲು. 2017ರ ಜೂನ್‌ನಲ್ಲಿ ಅಲ್ಲಿ 72 ಜನ ತೀರಿಕೊಂಡರು. ಬೆಂಕಿ ಹರಡಿದ್ದು ಹೊರಗೋಡೆಗೆ ಹೊದಿಸಿದ್ದ ಉರಿಯುವ ಹಲಗೆಗಳಿಂದ, ಸರಿ. ಆದರೆ ಇಳಿದು ಬರಲು ಇದ್ದದ್ದು ಹೊಗೆ ತುಂಬಿದ ಆ ಒಂದೇ ಮೆಟ್ಟಿಲು. ಒಂದೇ ಮೆಟ್ಟಿಲು ಸಾಕು ಅನ್ನುವಾಗ ಎತ್ತರ ಎಷ್ಟು, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದೆಯಾ, ಬಾಗಿಲು ಎಷ್ಟು ಹೊತ್ತು ಬೆಂಕಿ ತಡೆಯುತ್ತದೆ, ಇದನ್ನೆಲ್ಲ ಜೊತೆಗೇ ಹೇಳಬೇಕು.

ನಕ್ಷೆ ಬರೆಯುವವ

ನೀವು ಹೇಳಿದ್ದು ಸರಿ. ನಾನೇ ಹೇಳಬೇಕಿತ್ತು. ನನ್ನ ಮಾತು ಕಡಿಮೆ ಎತ್ತರದ, ಸ್ಪ್ರಿಂಕ್ಲರ್ ಇರುವ ಕಟ್ಟಡಗಳಿಗೆ ಮಾತ್ರ.

ರಾತ್ರಿ ಪಾಳಿ

ಎಲ್ಲರೂ ಸೇರುವ ಜಾಗದ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನದು ಬೇರೆ ಕಷ್ಟ. ರಾತ್ರಿ ಕೆಲಸ, ಹಗಲು ನಿದ್ದೆ. ನನಗೂ ಪಕ್ಕದ ಮನೆಗೂ ನಡುವೆ ನಾಲ್ಕಿಂಚಿನ ಗೋಡೆ. ಅದರಲ್ಲೂ ನನ್ನ ಸ್ವಿಚ್ ಬೋರ್ಡ್ ಇರುವ ಜಾಗದಲ್ಲೇ ಆಚೆ ಕಡೆ ಅವರ ಸ್ವಿಚ್ ಬೋರ್ಡ್. ಎರಡು ಡಬ್ಬಿಗಳ ನಡುವೆ ಗೋಡೆ ಅನ್ನುವುದೇ ಇಲ್ಲ. ಅವರು ಚಾರ್ಜರ್ ಸಿಕ್ಕಿಸಿದರೆ ನನಗೆ ಕೇಳಿಸುತ್ತದೆ. ಅವರ ಮನೆಯ ಜಗಳ, ಮಗುವಿನ ಕೆಮ್ಮು, ಎಲ್ಲ ಗೊತ್ತು. ಇಷ್ಟು ಗೊತ್ತಿರುವುದಕ್ಕೇ ಎದುರಾದಾಗ ಮುಖ ನೋಡಲು ಮುಜುಗರ. ನೋಡಿದ ತಕ್ಷಣ ಬೇರೆ ಕಡೆ ತಿರುಗುತ್ತೇನೆ. ಪಾಪ, ಅವರದ್ದೇನೂ ತಪ್ಪಿಲ್ಲ.

ಬಾಗಿಲು ಹಾಕಿಕೊಂಡರೆ ಪೂರ್ತಿ ನನ್ನದು ಅನ್ನುವ ಜಾಗ ಇದ್ದರೆ ಮಾತ್ರ ಬಾಗಿಲು ತೆಗೆಯುವ ಮನಸ್ಸು ಬರುತ್ತದೆ. ಇದನ್ನೂ ನಿಮ್ಮ ಪಟ್ಟಿಗೆ ಸೇರಿಸಿ.

ನಕ್ಷೆ ಬರೆಯುವವ

ನಿಮ್ಮ ಕೊನೆಯ ಮಾತನ್ನು ನನ್ನ ಆಫೀಸಿನ ಹುಡುಗರಿಗೆ ಓದಿ ಹೇಳುತ್ತೇನೆ. ಸ್ವಿಚ್ ಬೋರ್ಡುಗಳು ಬೆನ್ನಿಗೆ ಬೆನ್ನು ಬರದಂತೆ ಒಂದೆರಡು ಅಡಿ ಸರಿಸಿದರೆ ಸಾಕು. ಪ್ಲಾನ್ ಹಂತದಲ್ಲಿ ಅದಕ್ಕೆ ಖರ್ಚೇ ಇಲ್ಲ. ಈಗ ಮಾಡುವುದಾದರೆ ನಿಮ್ಮ ಕಡೆಯ ಬೋರ್ಡ್ ಬಿಚ್ಚಿಸಿ, ಹಿಂದಿನ ಸಂದು ಮತ್ತು ಪೈಪಿನ ಬಾಯಿಯನ್ನು ಬೆಂಕಿ ಹತ್ತದ, ಸದ್ದು ತಡೆಯುವ ಅಕೌಸ್ಟಿಕ್ ಸೀಲಂಟಿನಿಂದ ಮುಚ್ಚಿಸಿ. ಮೊದಲು ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಇದ್ದ ಕಟ್ಟಡವನ್ನೇ ಸುಧಾರಿಸಲು ಆಗುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಬೋರ್ಡೊ ನಗರದ ಉದಾಹರಣೆ ಇದೆ. 1960ರ ದಶಕದ ಮೂರು ದೊಡ್ಡ ಕಟ್ಟಡ, 530 ಮನೆ. ಆನ್ ಲಕಾತೋನ್ ಮತ್ತು ಝಾನ್ ಫಿಲಿಪ್ ವಸ್ಸಾಲ್ ಇನ್ನಿಬ್ಬರು ಆರ್ಕಿಟೆಕ್ಟುಗಳ ಜೊತೆ ಸೇರಿ, ಅವನ್ನು ಕೆಡವದೆ, ಹೊರಗಿನಿಂದ ಹೊಸ ಚೌಕಟ್ಟು ತಂದು ನಿಲ್ಲಿಸಿದರು. ಪುಟ್ಟ ಕಿಟಕಿಗಳಿದ್ದ ಗೋಡೆ ತೆಗೆದು ದೊಡ್ಡ ಗಾಜಿನ ಬಾಗಿಲು ಇಟ್ಟರು. ಅದರಾಚೆ ಸುಮಾರು 3.8 ಮೀಟರ್ ಆಳದ ಜಾಗ ಸೇರಿಸಿದರು. ಚಳಿಯಲ್ಲಿ ಮುಚ್ಚಬಹುದು, ಬೇಸಿಗೆಯಲ್ಲಿ ತೆರೆಯಬಹುದು. ಜನ ಮನೆ ಖಾಲಿ ಮಾಡಬೇಕಾಗಲೇ ಇಲ್ಲ, ಅವರು ಒಳಗಿರುವಾಗಲೇ ಕೆಲಸ ಮುಗಿಯಿತು. ಆ ಜಾಗ ಪೂರ್ತಿ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ. ನಮ್ಮ ಹಳಬರು ಜಗಲಿ ಅನ್ನುತ್ತಿದ್ದರಲ್ಲ, ಅಂಥದ್ದು. ಎಷ್ಟು ತೆರೆಯಬೇಕು ಅನ್ನುವುದು ಮನೆಯವರ ಕೈಯಲ್ಲೇ ಇದೆ.

ಇಬ್ಬರ ಅಮ್ಮ

ಅಕ್ಕಾ, ನಾನು ಇರುವುದು ಏಳನೇ ಮಹಡಿ. ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ಕೆಳಗೆ ಆಟದ ಜಾಗ ಇದೆ, ಜಾರುಬಂಡಿಯೂ ಇದೆ. ಆದರೆ ಮೇಲಿನಿಂದ ಕೂಗಿದರೆ ಕೇಳಿಸುವುದಿಲ್ಲ, ಬಿದ್ದರೆ ಕಾಣಿಸುವುದಿಲ್ಲ. ಹಾಗಾಗಿ ಅವರ ಆಟ ಅಂದರೆ ನನ್ನ ಒಂದು ಗಂಟೆ. ನನಗೆ ಬಿಡುವು ಇಲ್ಲದ ದಿನ ಅವರಿಗೆ ಆಟ ಇಲ್ಲ. ಯಾನ್ ಗೆಹ್ಲ್ ಅನ್ನುವ ಡೆನ್ಮಾರ್ಕಿನ ಆರ್ಕಿಟೆಕ್ಟ್, ಐದನೇ ಮಹಡಿ ದಾಟಿದರೆ ನೆಲದ ಜೊತೆಗಿನ ನಂಟು ಕಡಿದ ಹಾಗೆ ಅನ್ನುತ್ತಾರಂತೆ. ನನಗಂತೂ ಅದು ದಿನಾ ಸಂಜೆಯ ಮಾತು.

ಇನ್ನೊಂದು. ಗೇಟಿನಾಚೆಯ ರಸ್ತೆಯೂ ಲೆಕ್ಕಕ್ಕೆ ಬರುತ್ತದೆ. ನಗರ ವಿನ್ಯಾಸದ ಸಂಶೋಧಕ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ರೀತಿಯ ಮೂರು ಬೀದಿ ಆರಿಸಿಕೊಂಡು ಮಾಡಿದ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ದಿನಕ್ಕೆ 2,000 ಗಾಡಿ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು ಗೆಳೆಯರು. ಸುಮಾರು 16,000 ಗಾಡಿ ಓಡಾಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9. ‘ನಿಮ್ಮ ಜಾಗ ಅಂತ ಅನಿಸುವುದು ಎಲ್ಲಿಯವರೆಗೆ’ ಅಂತ ಕೇಳಿ ನಕ್ಷೆಯ ಮೇಲೆ ಗುರುತು ಹಾಕಿಸಿದರು. ಗಾಡಿ ಕಡಿಮೆ ಇದ್ದ ಕಡೆ ಜನ ಇಡೀ ಬೀದಿ ತಮ್ಮದು ಅಂದರು. ಗಾಡಿ ಜಾಸ್ತಿ ಇದ್ದ ಕಡೆ ತಮ್ಮ ಕಟ್ಟಡದ ಒಳಗೇ ಗೆರೆ ನಿಲ್ಲಿಸಿದರು.

ನಮ್ಮ ಕಟ್ಟಡದ ನೆಲಮಹಡಿ ಪೂರ್ತಿ ಪಾರ್ಕಿಂಗ್. ತಿರುಗಿಸುವ ದಾರಿಯೂ ಸೇರಿ ಒಂದು ಕಾರಿಗೆ 25-30 ಚದರ ಮೀಟರ್ ಬೇಕಂತೆ. ಅದು ನನ್ನ ಮಕ್ಕಳ ಕೋಣೆ ಎರಡು ಸೇರಿದಷ್ಟು. ನೆಲದ ಮೇಲೆ ಕಾರಿಗೆ ಜಾಗ ಕೊಟ್ಟು ಮಕ್ಕಳನ್ನು ಏಳನೇ ಮಹಡಿಗೆ ಕಳಿಸಿದ್ದೇವೆ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಬೆಂಕಿ ಕೆಲಸದವ

ಸಿಂಗಪುರದಲ್ಲಿ ಬಹಳಷ್ಟು ಕಟ್ಟಡಗಳ ನೆಲಮಹಡಿಯನ್ನು ಕಂಬಗಳ ಮೇಲೆ ಖಾಲಿ ಬಿಟ್ಟಿದ್ದಾರೆ. ಮದುವೆ, ಸಾವು, ಚೆಸ್ ಆಟ ಎಲ್ಲ ಅಲ್ಲೇ. ಮಳೆ ಬಂದರೂ ಮಕ್ಕಳಿಗೆ ಜಾಗ ಇರುತ್ತದೆ.

ಒಂಬತ್ತನೇ ಮಹಡಿ

ಎಲ್ಲರಿಗೂ ಧನ್ಯವಾದ. ನಮ್ಮ ಕಟ್ಟಡವನ್ನು ಕೆಡವಿ ಕಟ್ಟಲು ಆಗುವುದಿಲ್ಲ. ಕಾರಿಡಾರಿನಲ್ಲಿ ಎರಡು ಕುರ್ಚಿ ಹಾಕೋಣ ಅಂತ ಯೋಚನೆ ಇದೆ. ಸರಿ ಹೋಗುತ್ತದಾ?

ಬೆಂಕಿ ಕೆಲಸದವ

ಬೇಡ ಮೇಡಂ, ದಯವಿಟ್ಟು ಬೇಡ. ಅದು ತಪ್ಪಿಸಿಕೊಳ್ಳುವ ದಾರಿ. ಹೊಗೆ ತುಂಬಿದಾಗ ಜನ ಗೋಡೆ ತಡವಿಕೊಂಡು ಬರುತ್ತಾರೆ, ಕುರ್ಚಿ ಕಾಲಿಗೆ ಸಿಗುತ್ತದೆ. ಲಿಫ್ಟಿನ ಹತ್ತಿರ ಗೋಡೆ ಒಳಗೆ ಸರಿದಿರುವ ಮೂಲೆ ಏನಾದರೂ ಇದೆಯಾ? ನಡೆಯುವ ದಾರಿಯ ಅಗಲ ಒಂದು ಇಂಚೂ ಕಡಿಮೆ ಆಗಬಾರದು. ಗೋಡೆಗೆ ಬೋಲ್ಟ್ ಹಾಕಿದ ಕಲ್ಲಿನದೋ ಕಬ್ಬಿಣದ್ದೋ ಆಸನ ಇರಲಿ, ಕುಷನ್ ಬೇಡ. ನಿಮ್ಮ ಕಡೆಯ ಅಗ್ನಿಶಾಮಕದವರಿಗೆ ತೋರಿಸಿ ಆಮೇಲೆ ಹಾಕಿಸಿ.

ದೀಪದ್ದು ಸುಲಭ. ಹೆಚ್ಚಿನ ಸೆನ್ಸರುಗಳಲ್ಲಿ ಒಂದು ಸಣ್ಣ ತಿರುಗಣೆ ಇರುತ್ತದೆ, ‘ಟೈಮ್’ ಅಂತ ಬರೆದಿರುತ್ತದೆ. ಸ್ಕ್ರೂಡ್ರೈವರಿನಲ್ಲಿ ತಿರುಗಿಸಿದರೆ ಅರ್ಧ ನಿಮಿಷದ್ದು ಐದು ನಿಮಿಷ ಆಗುತ್ತದೆ.

ಲೆಕ್ಕ ನೋಡಿಕೊಳ್ಳುವವ

ಕರೆಂಟ್ ಬಿಲ್ ಜಾಸ್ತಿ ಆಗುತ್ತದೆ ಅಂತ ನಿಮ್ಮ ಸಂಘದವರು ಹೇಳಿದರೆ ಈ ಲೆಕ್ಕ ಕೊಡಿ. 9 ವಾಟ್ ಎಲ್‌ಇಡಿ ದಿನಕ್ಕೆ ನೂರು ಸಲ, ಸಲಕ್ಕೆ ಐದು ನಿಮಿಷ ಉರಿದರೂ 75 ವಾಟ್-ಅವರ್. ಒಂದು ಯೂನಿಟ್ ಆಗಲು ಹದಿಮೂರು ದಿನ ಬೇಕು.

ಒಂಬತ್ತನೇ ಮಹಡಿ

ಆರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ. ಲೆಕ್ಕ ತೋರಿಸಿದ ಮೇಲೆ ಸಂಘದವರು ಒಪ್ಪಿದರು. ಎಲೆಕ್ಟ್ರಿಷಿಯನ್ ಏಣಿ ಹತ್ತಿ ನಮ್ಮ ಮಹಡಿಯ ಆರು ಸೆನ್ಸರುಗಳನ್ನು ತಿರುಗಿಸಿದರು. ಇಪ್ಪತ್ತು ನಿಮಿಷದ ಕೆಲಸ. ನೋಟಿಸ್ ಬೋರ್ಡಿನ ಕೆಳಗಿನ ಮೂಲೆಯಲ್ಲಿ, ಅಗ್ನಿಶಾಮಕದವರು ಅಳತೆ ನೋಡಿ ಸರಿ ಅಂದ ಮೇಲೆ, ಕಲ್ಲಿನ ಆಸನ ಹಾಕಿಸಿದೆವು.

ಪಕ್ಕದ ಮನೆಯವರ ತಾಯಿ ಆಸ್ಪತ್ರೆಯಿಂದ ಬಂದಿದ್ದಾರೆ. ಸೊಂಟದ ಆಪರೇಷನ್ ಆಗಿತ್ತಂತೆ. ವಾಕರ್ ಹಿಡಿದು ಕಾರಿಡಾರಿನಲ್ಲಿ ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಬೆಳಿಗ್ಗೆ ಆ ತುದಿವರೆಗೆ ಹೋಗಿ ಬಂದು ಆ ಆಸನದಲ್ಲಿ ಕೂರುತ್ತಾರೆ. ಹದಿನೆಂಟು ಮನೆಯಲ್ಲಿ ಹನ್ನೊಂದು ಮನೆಯವರ ಹೆಸರು ಈಗ ನನಗೆ ಗೊತ್ತು. ಅದರಲ್ಲಿ ಏಳು ಅವರೇ ಹೇಳಿದ್ದು.

ಗಾಲಿಕುರ್ಚಿ

ಆಸನದ ಎತ್ತರ ಎಷ್ಟು ಇಟ್ಟಿರಿ? ಸೊಂಟದ ಆಪರೇಷನ್ ಆದವರಿಗೆ ತಗ್ಗಿದ್ದರೆ ಏಳಲು ಬಹಳ ಕಷ್ಟ. ಪಕ್ಕದಲ್ಲಿ ಹಿಡಿಯಲು ಒಂದು ಸರಳು ಇದ್ದರೆ ಒಳ್ಳೆಯದು.

ಒಂಬತ್ತನೇ ಮಹಡಿ

ಹದಿನೆಂಟು ಇಂಚು. ಸರಳು ಹಾಕಿಸಿಲ್ಲ. ನಾಳೆಯೇ ಕೇಳುತ್ತೇನೆ.

ಲೆಕ್ಕ ನೋಡಿಕೊಳ್ಳುವವ

ನಮ್ಮ ಎ ಬ್ಲಾಕಿನಲ್ಲಿ ಒಟ್ಟು 42 ಸೆನ್ಸರ್ ಇವೆ. ಶನಿವಾರ ಎಲೆಕ್ಟ್ರಿಷಿಯನ್ ಬರುತ್ತಾರೆ.